ಫಾರ್ಗೊ ಲಾರಿ: ಹ್ಯಾಂಡಲ್ ಹೊಡೆದರೆ ಸ್ಟಾರ್ಟ್, ಸೆಲ್ಫ್ ತುಳಿದರೆ ಇಲ್ಲ

ಪಡುಬಿದ್ರಿ_ಫಾರ್ಗೊ:
1951ರ ಫಾರ್ಗೊ ಪೆಟ್ರೋಲ್ ಲಾರಿ. ಆರು ಸಿಲಿಂಡರ್ ಸೈಡ್ ವಾಲ್ವ್, 6 ವೋಲ್ಟ್, ಪಾಸಿಟಿವ್ ಅರ್ತ್ (ಬ್ಯಾಟರಿಯ + ಕಡೆ ಗಾಡಿಯ ಕಬ್ಬಿಣಕ್ಕೆ). ಚಾಸಿಸ್ ಪೂರಾ ಬಿಚ್ಚಿ ಪೇಂಟ್ ಮಾಡಿಸಿ, ಹೊಸ ವಯರಿಂಗ್ ಹಾಕಿ ಜೋಡಿಸಿದ್ದೇವೆ. ಈಗ ಸೆಲ್ಫ್ ತುಳಿದರೆ ಎಂಜಿನ್ ಮನಸ್ಸಿಲ್ಲದ ಹಾಗೆ ತಿರುಗುತ್ತದೆ, ಸ್ಟಾರ್ಟ್ ಆಗುವುದಿಲ್ಲ. ಕೈಯಲ್ಲಿ ತಿರುಗಿಸುವ ಹ್ಯಾಂಡಲ್ ಹೊಡೆದರೆ ಮಾತ್ರ ತಕ್ಷಣ ಗುರ್ರ್ ಅನ್ನುತ್ತದೆ! ಬ್ಯಾಟರಿ, ಪ್ಲಗ್ ಕಿಡಿಗೆ ಕರೆಂಟ್ ಕೊಡುವ ಕಾಯಿಲ್, ಕಂಡೆನ್ಸರ್ ಎಲ್ಲ ಹೊಸದು. ಸೆಲ್ಫ್ ಮೋಟರ್ ಬಿಚ್ಚಿ ನೋಡಿದ ಮೆಕ್ಯಾನಿಕ್ ಕಾರ್ಬನ್ ಬ್ರಶ್ ಸರಿ ಉಂಟು, ಸುಮ್ನೆ 12 ವೋಲ್ಟ್ ಮಾಡಿಬಿಡಿ ಅಂತಾರೆ. ಎಂತ ಮಾಡುವುದು?

ಕುಂದಾಪ್ರ_ಜೀಪು:
12 ಹಾಕಿ ಮಾರಾಯ್ರೆ. ನಮ್ಮ ಜೀಪಿಗೂ ಅದೇ ಮಾಡಿದ್ದು.

ಹಳೆ_ಗ್ಯಾರೇಜು:
ಅವಸರ ಬೇಡ. 12 ಅಂದ್ರೆ ಬಲ್ಬು, ಡೈನಮೋ, ಅದರ ಕಟೌಟ್ ರಿಲೇ ಎಲ್ಲ ಬದಲಿಸಬೇಕು, ಕಾಯಿಲ್‌ಗೂ ಬೇರೆ ವ್ಯವಸ್ಥೆ ಬೇಕು. ಅಷ್ಟು ಮಾಡಿದರೂ ಈಗಿನ ತೊಂದರೆ ಅಲ್ಲೇ ಅಡಗಿ ಕೂತಿರುತ್ತದೆ.

ಹ್ಯಾಂಡಲ್‌ಗೆ ಸ್ಟಾರ್ಟ್ ಆಗುತ್ತದೆ ಅಂದ ಮೇಲೆ ಟೈಮಿಂಗ್, ಪಾಯಿಂಟ್ (ಕಾಯಿಲ್ ಕರೆಂಟ್ ಕಡಿಯುವ ಸ್ವಿಚ್), ಪ್ಲಗ್, ಪೆಟ್ರೋಲ್ ಬಗ್ಗೆ ಸದ್ಯಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಸೆಲ್ಫ್ ಕರೆಂಟ್ ಎಳೆಯುವಾಗ ಕಾಯಿಲ್‌ಗೆ ವೋಲ್ಟೇಜ್ ಸಿಗುವುದಿಲ್ಲ, ಅಷ್ಟೇ. ಸೆಲ್ಫಿನ ಅರ್ತ್ ಎಂಜಿನ್ ಬ್ಲಾಕ್ ಮೂಲಕ, ಕಾಯಿಲ್‌ನದೂ ಪಾಯಿಂಟ್ ದಾಟಿ ಅದೇ ಬ್ಲಾಕ್ ಮೂಲಕ. ಬ್ಲಾಕ್‌ನಿಂದ ಬ್ಯಾಟರಿಗೆ ದಾರಿ ಸರಿ ಇಲ್ಲದಿದ್ದರೆ ಇಬ್ಬರಿಗೂ ಉಪವಾಸ. ನೀವು ಚಾಸಿಸ್‌ಗೆ ಪೇಂಟ್ ಮಾಡಿಸಿದ್ದೀರಿ, ಅಲ್ವಾ? ಅರ್ತ್ ಪಟ್ಟಿ ಪೇಂಟಿನ ಮೇಲೆಯೇ ಕೂತಿದೆಯಾ ನೋಡಿ.

ಮೀಟರನ್ನು ಡಿಸಿ ವೋಲ್ಟ್‌ಗೆ ಇಡಿ. ಒಂದು ವಯರು ಬ್ಯಾಟರಿಯ ಪಾಸಿಟಿವ್ ಗುಬ್ಬಿಗೆ, ಇನ್ನೊಂದು ಬ್ಲಾಕ್‌ನ ಬರೀ ಕಬ್ಬಿಣಕ್ಕೆ. ಒಬ್ಬರು ಸೆಲ್ಫ್ ತುಳಿಯಲಿ. 0.2ರ ಆಸುಪಾಸು ಬಂದರೆ ಚಿಂತೆ ಇಲ್ಲ, ಅದಕ್ಕಿಂತ ತುಂಬಾ ಜಾಸ್ತಿ ಬಂದರೆ ಕಳ್ಳ ಅಲ್ಲೇ ಇದ್ದಾನೆ.

ಮತ್ತೆ, ಹ್ಯಾಂಡಲ್ ಹಿಡಿಯುವಾಗ ಹೆಬ್ಬೆರಳನ್ನು ಬೇರೆ ಬೆರಳುಗಳ ಜೊತೆಗೇ ಇಡಿ, ಸುತ್ತಿ ಹಿಡಿಯಬೇಡಿ. ತಿರುಗಿ ಒದ್ದರೆ ಕೈ ಮುರಿಯುತ್ತದೆ.

ಮಲ್ಪೆ_ಬೋಟ್_ವಯರಿಂಗ್:
ಕೇಬಲ್ ದಪ್ಪ ಎಷ್ಟು? 6 ವೋಲ್ಟ್‌ನಲ್ಲಿ ಅದೇ ಕೆಲಸಕ್ಕೆ ಕರೆಂಟ್ ಡಬಲ್ ಬೇಕು. ಅಂಗಡಿಯ ರೆಡಿ ಕೇಬಲ್ ಈಗಿನ 12 ವೋಲ್ಟ್ ಕಾರಿಗೆ ಮಾಡಿದ್ದು, ತುಳಿದಾಗ ಬಿಸಿ ಆಗುತ್ತಾ ಕೈ ಇಟ್ಟು ನೋಡಿ. ನಾನಾದ್ರೆ 50 ಚದರ ಮಿಲಿಮೀಟರ್ ತಾಮ್ರ ಹಾಕುತ್ತೇನೆ. ಕೇಬಲ್ ತುದಿಗೆ ಲಗ್ ಒತ್ತಿಸಿದ ಮೇಲೆ ಬಾಯಿ ಸರಿಯಾಗಿ ಮುಚ್ಚಿಸಿ. ನಮ್ಮ ಕಡಲ ಗಾಳಿಗೆ ಒಳಗೆ ಹಸಿರು ಕಿಲುಬು ಹಿಡಿಯುತ್ತದೆ, ಹೊರಗಿಂದ ನೋಡಿದರೆ ಗೊತ್ತೇ ಆಗುವುದಿಲ್ಲ.

ಪಡುಬಿದ್ರಿ_ಫಾರ್ಗೊ:
ಅಣ್ಣಾ, 1.6 ವೋಲ್ಟ್! ತುಳಿದಾಗ ಬ್ಯಾಟರಿ ಗುಬ್ಬಿಗಳ ನಡುವೆ 5.1, ಕಾಯಿಲ್ ಹತ್ತಿರ ಬರೀ 3.3. ಅರ್ತ್ ಪಟ್ಟಿ ಬಿಚ್ಚಿದರೆ ಬೋಲ್ಟಿನ ಕೆಳಗೆ ಕಪ್ಪು ಪೇಂಟ್ ಕನ್ನಡಿಯಂತೆ ಹೊಳೆಯುತ್ತಿತ್ತು, ಥ್ರೆಡ್ ಇದ್ದಲ್ಲಿ ಮಾತ್ರ ಸ್ವಲ್ಪ ಕಬ್ಬಿಣ ತಾಗುತ್ತಿತ್ತು. ಎಮರಿ ಪೇಪರ್ ಹಾಕಿ ಕೆರೆದೆ, ಗೇರ್‌ಬಾಕ್ಸ್‌ನಿಂದ ಚಾಸಿಸ್‌ಗೆ ಇನ್ನೊಂದು ಪಟ್ಟಿ ಹಾಕಿದೆ. ಈಗ 0.2. ಸೆಲ್ಫಿಗೆ ಸ್ಟಾರ್ಟ್ ಆಗುತ್ತದೆ, ಆದರೆ ಬೆಳಿಗ್ಗೆ ತಣ್ಣಗಿದ್ದಾಗ ಇನ್ನೂ ಸ್ವಲ್ಪ ಸತಾಯಿಸುತ್ತದೆ.

ಹಳೆ_ಗ್ಯಾರೇಜು:
ಹಾಗಾದ್ರೆ ಇನ್ನೊಂದು ಬದಿ ನೋಡಿ. ನೆಗೆಟಿವ್ ಗುಬ್ಬಿಯಿಂದ ಸೆಲ್ಫ್ ಮೋಟರಿಗೆ ವಯರು ಬರುವ ಬೋಲ್ಟಿಗೆ ಅದೇ ರೀತಿ ಅಳೆಯಿರಿ. ಜಾಸ್ತಿ ಬಂದರೆ ಬ್ಯಾಟರಿ ವಯರು ಕಳಚಿಟ್ಟು, ಕಾಲಲ್ಲಿ ತುಳಿಯುವ ಸ್ವಿಚ್ ಬಿಚ್ಚಿ. ಒಳಗಿನ ತಾಮ್ರದ ಬಿಲ್ಲೆ ಸುಟ್ಟು ಗುಳಿ ಬಿದ್ದಿರುತ್ತದೆ, ಅರ ಹಾಕಿ ಸಮ ಮಾಡಿ. ಕಾಯಿಲ್ ಹೊಸದು ಅಂದ್ರಲ್ಲ, ಪಾಸಿಟಿವ್ ಅರ್ತ್ ಗಾಡಿಯಲ್ಲಿ ಅದರ + ಕಡೆ ಡಿಸ್ಟ್ರಿಬ್ಯೂಟರ್‌ಗೆ ಹೋಗಬೇಕು. ಉಲ್ಟಾ ಕೊಟ್ಟರೂ ಗಾಡಿ ಓಡುತ್ತದೆ, ಆದರೆ ಕಿಡಿ ಸಪ್ಪೆ. ಪಾಯಿಂಟ್ ಗ್ಯಾಪ್ ಅರ್ಧ ಮಿಲಿಮೀಟರ್ ಇಡಿ.