ಕಾರವಾರದ ಸೀಬರ್ಡ್ ನೌಕಾನೆಲೆ: ಅಲ್ಲೇ ಯಾಕೆ ಕಟ್ಟಿದ್ರು, ಒಳಗೆ ಏನ್ ಕೆಲ್ಸ ನಡೆಯುತ್ತೆ?

ಮೈಸೂರ್‌ಹುಡುಗ:

ಎಲ್ರಿಗೂ ನಮಸ್ಕಾರ. ಮೊನ್ನೆ ಗೋಕರ್ಣದಿಂದ ಗೋವಾ ಕಡೆ ಬಸ್ಸಲ್ಲಿ ಹೋಗ್ತಿದ್ದೆ, ಅಂಕೋಲ ದಾಟಿ ಸ್ವಲ್ಪ ದೂರ ಹೋದ್ಮೇಲೆ ಎಡಗಡೆ ಕಾಂಪೌಂಡ್ ಗೋಡೆ, ಬೇಲಿ, ಗೇಟು ಶುರುವಾಗಿದ್ದು ಮುಗಿಯೋದೇ ಕಾಣ್ಲಿಲ್ಲ, ಸಮುದ್ರ ಅಲ್ಲೇ ಪಕ್ಕದಲ್ಲಿದ್ರೂ ಕಣ್ಣಿಗೆ ಬೀಳಲ್ಲ. ಪಕ್ಕದ ಸೀಟಿನವ್ರನ್ನ ಕೇಳಿದ್ರೆ "ಅದು ಸೀಬರ್ಡ್" ಅಂತ ಅಷ್ಟೇ ಅಂದು ಸುಮ್ನಾದ್ರು. ನಮ್ ರಾಜ್ಯದಲ್ಲೇ ಇಷ್ಟ್ ದೊಡ್ಡ ನೌಕಾನೆಲೆ ಇದ್ರೂ ನಮ್ ಕಡೆ ಯಾರಿಗೂ ಅದ್ರ ಬಗ್ಗೆ ಸರಿಯಾಗಿ ಗೊತ್ತಿಲ್ಲ, ನಂಗೂ ಗೊತ್ತಿಲ್ಲ. ಮುಂಬೈ, ವೈಜಾಗ್, ಕೊಚ್ಚಿ ಎಲ್ಲಾ ಇರೋವಾಗ ಕಾರವಾರನೇ ಯಾಕೆ ಬೇಕಿತ್ತು? ಏಷ್ಯಾದಲ್ಲೇ ದೊಡ್ಡದು ಅಂತ ಪೇಪರ್‌ಗಳಲ್ಲಿ ಬರೀತಾರಲ್ಲ, ಅದು ನಿಜಾನಾ? ಗೊತ್ತಿರೋರು ಸ್ವಲ್ಪ ವಿವರವಾಗಿ ಹೇಳಿ ಪ್ಲೀಸ್.

ಹಳೇನಾವಿಕ:

ನೇವಿಯಲ್ಲಿ ಸರ್ವೀಸ್ ಮಾಡಿ ರಿಟೈರ್ ಆದವ್ನು ನಾನು, ಎಲ್ರಿಗೂ ಗೊತ್ತಿರೋ ವಿಷಯ ಮಾತ್ರ ಬರೀತೀನಿ.

ಕಾರವಾರ ಯಾಕೆ ಅಂತ ಅರ್ಥ ಆಗ್ಬೇಕು ಅಂದ್ರೆ ಮೊದ್ಲು ಮುಂಬೈ ನೋಡ್ಬೇಕು. ಪಶ್ಚಿಮ ಕರಾವಳಿಯ ನಮ್ಮ ಯುದ್ಧನೌಕೆಗಳು ಬಹುಪಾಲು ಅಲ್ಲಿನ ಡಾಕ್‌ಯಾರ್ಡಲ್ಲೇ ಒತ್ತೊತ್ತಾಗಿ ನಿಲ್ತಿದ್ವು. ಅದೇ ನೀರಲ್ಲಿ ಸರಕಿನ ಹಡಗು, ಎಣ್ಣೆ ಟ್ಯಾಂಕರ್, ಲಾಂಚು, ಮೀನಿನ ಬೋಟು ಎಲ್ಲಾ ಓಡಾಡ್ಬೇಕು. 1944ರ ಏಪ್ರಿಲ್ 14ಕ್ಕೆ ಆ ಬಂದರಲ್ಲಿ ಫೋರ್ಟ್ ಸ್ಟಿಕಿನ್ ಅನ್ನೋ ಹಡಗು, ಒಳಗೆ ಹತ್ತಿ ಮೂಟೆ ಜೊತೆಗೆ ಮದ್ದುಗುಂಡೂ ತುಂಬ್ಕೊಂಡಿತ್ತು, ಬೆಂಕಿ ಹತ್ತಿ ಸಿಡಿದು ಅಕ್ಕಪಕ್ಕದ ಹಡಗುಗಳನ್ನೂ ದಡದ ಬೀದಿಗಳನ್ನೂ ಸುಟ್ಟು ನೂರಾರು ಜನ ಸತ್ರು. ವ್ಯಾಪಾರದ ಬಂದರು, ಯುದ್ಧದ ಬಂದರು, ದೊಡ್ಡ ಪಟ್ಟಣ ಮೂರೂ ಒಂದೇ ಜಾಗದಲ್ಲಿದ್ರೆ ಏನಾಗುತ್ತೆ ಅಂತ ಅವತ್ತೇ ಗೊತ್ತಾಗಿತ್ತು.

ಇನ್ನೊಂದು ದೂರದ ಲೆಕ್ಕ. 1971ರಲ್ಲಿ ನಮ್ಮ ಮಿಸೈಲ್ ಬೋಟುಗಳು ಕರಾಚಿ ತನಕ ಹೋಗಿ ಹೊಡೆದು ಬಂದ್ವು, ಅದು ಎಲ್ರೂ ಹೇಳ್ತಾರೆ. ಅದೇ ಯುದ್ಧದಲ್ಲಿ ಡಿಸೆಂಬರ್ 9ರ ರಾತ್ರಿ ದಿಯು ಹತ್ರ ಪಾಕಿಸ್ತಾನದ ಸಬ್‌ಮರೀನ್ ನಮ್ಮ ಯುದ್ಧನೌಕೆ ಐಎನ್‌ಎಸ್ ಖುಕ್ರಿಯನ್ನ ಮುಳುಗಿಸ್ತು. ನಾವು ಅವರಿಗೆ ಹತ್ರ ಇದ್ದೀವಿ ಅಂದ್ರೆ ಅವರೂ ನಮಗೆ ಹತ್ರಾನೇ. ಹಾಗಾಗಿ ಇನ್ನೂ ದಕ್ಷಿಣಕ್ಕೆ, ಶತ್ರು ವಿಮಾನ ಸುಲಭಕ್ಕೆ ಬರೋಕಾಗದ ಕಡೆ, ಸರಕು ಹಡಗಿನ ಗಲಾಟೆ ಇಲ್ಲದ, ನೇವಿಗೇ ಅಂತ ಒಂದು ಬಂದರು ಬೇಕಾಯ್ತು. ಕಾರವಾರದಲ್ಲಿ ಪಶ್ಚಿಮ ಘಟ್ಟ ಸಮುದ್ರದ ಅಂಚಿಗೇ ಬಂದು ನಿಂತಿದೆ, ನೀರು ಆಳ ಇದೆ, ಎದುರಿಗೆ ಅಲೆ ತಡೆಯೋಕೆ ದ್ವೀಪಗಳಿವೆ. ಇಂಥ ಜಾಗ ನಮ್ಮ ಪಶ್ಚಿಮ ಕರಾವಳಿಯಲ್ಲಿ ಜಾಸ್ತಿ ಇಲ್ಲ.

1980ರ ದಶಕದ ಮೊದಲಲ್ಲಿ ನೌಕಾಪಡೆ ಮುಖ್ಯಸ್ಥರಾಗಿದ್ದ ಅಡ್ಮಿರಲ್ ಡಾಸನ್ ಇದನ್ನ ಹಿಡಿದು ಮುಂದಕ್ಕೆ ತಂದ್ರು. 1986ರ ಅಕ್ಟೋಬರ್‌ನಲ್ಲಿ ರಾಜೀವ್ ಗಾಂಧಿ ಅಡಿಗಲ್ಲು ಹಾಕಿದ್ರು. ಆಮೇಲೆ 1991ರ ಹಣಕಾಸಿನ ಬಿಕ್ಕಟ್ಟು ಬಂತು, ಕೆಲಸ ನಿಂತೇಹೋಯ್ತು ಅನ್ನೋ ಹಾಗಾಯ್ತು. ವಾಜಪೇಯಿ ಸರ್ಕಾರ ಇದ್ದಾಗ ಮತ್ತೆ ಜೀವ ಬಂದು, 2005ರ ಮೇ 31ಕ್ಕೆ ಅವಾಗಿನ ರಕ್ಷಣಾ ಮಂತ್ರಿ ಪ್ರಣಬ್ ಮುಖರ್ಜಿ ಅದನ್ನ ಐಎನ್‌ಎಸ್ ಕದಂಬ ಅಂತ ಕಮಿಷನ್ ಮಾಡಿದ್ರು, ಅಂದ್ರೆ ಅಧಿಕೃತವಾಗಿ ನೇವಿ ಸೇವೆಗೆ ಸೇರಿಸಿದ್ರು. ಅಡಿಗಲ್ಲಿಂದ ಅಲ್ಲಿಗೆ ಸುಮಾರು 19 ವರ್ಷ. ಸೀಬರ್ಡ್ ಅನ್ನೋದು ಯೋಜನೆ ಹೆಸರು, ಕದಂಬ ಅನ್ನೋದು ನೆಲೆ ಹೆಸರು. ಬನವಾಸಿ ಕದಂಬರು ಅದೇ ಜಿಲ್ಲೆಯವರಲ್ವಾ, ಅದಕ್ಕೇ ಆ ಹೆಸರು.

ಮೊದಲ ಹಂತದಲ್ಲಿ ಹತ್ತು ಹನ್ನೊಂದು ದೊಡ್ಡ ಹಡಗಿಗೆ ಜಾಗ ಇತ್ತು. ಈಗ ನಡೀತಿರೋ ಎರಡನೇ ಹಂತದ ಮೊದಲ ಭಾಗ ಮುಗಿದ್ರೆ 32 ಹಡಗು ಮತ್ತೆ ಸಬ್‌ಮರೀನು, ಜೊತೆಗೆ 23 ಯಾರ್ಡ್ ಕ್ರಾಫ್ಟ್ ಅಂದ್ರೆ ಟಗ್ಗು ಬಾರ್ಜು ತರದ ಸಣ್ಣವು ನಿಲ್ಲಬಹುದು. ಸೂಯೆಜ್ ಕಾಲುವೆಯಿಂದ ಪೂರ್ವಕ್ಕೆ ಎಲ್ಲಕ್ಕಿಂತ ದೊಡ್ಡದು ಅನ್ನೋ ಮಾತು ಎಲ್ಲಾ ಹಂತಾನೂ ಮುಗಿದ ಮೇಲಿನ ಲೆಕ್ಕ, ಇವತ್ತಿಂದಲ್ಲ. ಅದನ್ನ ಪೇಪರ್‌ನವ್ರು ಈಗಲೇ ಆಗೋಯ್ತು ಅನ್ನೋ ಹಾಗೆ ಬರೀತಾರೆ.

ಕೆಲಸ ಏನು ಅಂದ್ರೆ, ಹಡಗು ನಿಲ್ಲಿಸೋದು ಒಂದೇ ಅಲ್ಲ. ರಿಪೇರಿ, ಇಂಧನ, ಮದ್ದುಗುಂಡು, ಜನಕ್ಕೆ ಮನೆ, ಆಸ್ಪತ್ರೆ. ಐಎನ್‌ಎಸ್ ಪತಂಜಲಿ ಅಂತ ನೇವಿ ಆಸ್ಪತ್ರೆ ಇದೆ. ವಿಮಾನಗಳನ್ನ ಹೊತ್ತು ಹೋಗೋ ನಮ್ಮ ದೊಡ್ಡ ಯುದ್ಧನೌಕೆ ವಿಕ್ರಮಾದಿತ್ಯ ರಷ್ಯಾದಿಂದ ಬಂದು 2014ರ ಜನವರಿಯಲ್ಲಿ ಸೇರಿದ್ದು ಕಾರವಾರಕ್ಕೇ. ಅದರ ಮಿಗ್-29ಕೆ ವಿಮಾನಗಳು ಗೋವಾದಲ್ಲಿರೋ ನೇವಿ ವಿಮಾನನೆಲೆ ಐಎನ್‌ಎಸ್ ಹಂಸದಲ್ಲಿರ್ತವೆ, ಅಲ್ಲಿಂದ ಇಲ್ಲಿಗೆ ವಿಮಾನಕ್ಕೆ ನಿಮಿಷಗಳ ದಾರಿ. ಹಡಗೂ ವಿಮಾನಾನೂ ಹತ್ರ ಹತ್ರ ಇರೋದು ಎಷ್ಟು ಅನುಕೂಲ ಅಂತ ಅದರ ಮೇಲೆ ಕೆಲಸ ಮಾಡಿದವ್ರಿಗೆ ಗೊತ್ತು.

ಮೈಸೂರ್‌ಹುಡುಗ:

ಥ್ಯಾಂಕ್ಸ್ ಸರ್, ಇಷ್ಟು ಯಾರೂ ಹೇಳಿರ್ಲಿಲ್ಲ. ಇನ್ನೊಂದು ಡೌಟು, ಅಲ್ಲಿ ಶಿಪ್ ಲಿಫ್ಟ್ ಅಂತ ಇದೆಯಂತಲ್ಲ, ವಿಕ್ರಮಾದಿತ್ಯನ ಅದ್ರಲ್ಲೇ ಮೇಲೆ ಎತ್ತುತ್ತಾರೆ ಅಂತ ಒಂದು ವಿಡಿಯೋದಲ್ಲಿ ಹೇಳ್ತಿದ್ರು?

ಹಳೇನಾವಿಕ:

ಇಲ್ಲಪ್ಪ, ಅದು ತಪ್ಪು. ಆ ಲಿಫ್ಟ್ ಎತ್ತೋದು 10,000 ಟನ್ ತನಕ, ವಿಕ್ರಮಾದಿತ್ಯ 44,000 ಟನ್ ದಾಟುತ್ತೆ. ಲಿಫ್ಟ್ ಇರೋದು ಡೆಸ್ಟ್ರಾಯರ್, ಫ್ರಿಗೇಟ್, ಸಬ್‌ಮರೀನ್ ಅಂಥವಕ್ಕೆ.

ಆದ್ರೆ ಅದು ಹೇಗೆ ಕೆಲಸ ಮಾಡುತ್ತೆ ಅಂತ ತಿಳ್ಕೊಳ್ಳಲೇಬೇಕಾದ್ದು. ದೊಡ್ಡ ಪ್ಲಾಟ್‌ಫಾರ್ಮ್ ಒಂದನ್ನ ನೀರೊಳಗೆ ಇಳಿಸ್ತಾರೆ, ಹಡಗು ತೇಲ್ಕೊಂಡು ಬಂದು ಸರಿಯಾಗಿ ಅದರ ಮೇಲ್ಗಡೆ ನಿಲ್ಲುತ್ತೆ, ಎರಡೂ ಬದಿಯ ವಿಂಚ್‌ಗಳು, ಅಂದ್ರೆ ಹಗ್ಗ ಸುತ್ತಿ ಎಳೆಯೋ ಯಂತ್ರಗಳು, ಒಂದೇ ಸಮ ಎಳೆದು ಗ್ಯಾರೇಜಲ್ಲಿ ಕಾರ್ ಎತ್ತೋ ಹಾಗೆ ಮೇಲಕ್ಕೆ ಎತ್ತುತ್ತವೆ. ಒಂದು ಬದಿ ಸ್ವಲ್ಪ ಮುಂದೆ ಹೋಯ್ತು ಅಂದ್ರೂ ಕಷ್ಟ, ಅಷ್ಟು ನಿಖರ ಇರ್ಬೇಕು. ಮೇಲೆ ಬಂದ್ಮೇಲೆ ಹಡಗನ್ನ ಹಳಿ ಮೇಲೆ ತಳ್ಕೊಂಡು ಹೋಗಿ ಒಣ ಜಾಗದಲ್ಲಿ ನಿಲ್ಲಿಸಿ, ಪ್ಲಾಟ್‌ಫಾರ್ಮ್ ಮತ್ತೆ ಖಾಲಿ. ಹಳೇ ತರದ ಡ್ರೈಡಾಕಲ್ಲಿ, ಅಂದ್ರೆ ಹಡಗು ಒಳಗೆ ಬಂದ್ಮೇಲೆ ನೀರು ಖಾಲಿ ಮಾಡೋ ತೊಟ್ಟಿಯಲ್ಲಿ, ಒಂದು ಹಡಗು ರಿಪೇರಿಗೆ ಕೂತ್ರೆ ಅದು ಹೊರಡೋ ತನಕ ಡಾಕ್ ಬ್ಲಾಕ್. ಇಲ್ಲಿ ಒಂದು ಲಿಫ್ಟ್‌ನಿಂದ ಒಂದಾದ ಮೇಲೆ ಒಂದರಂತೆ ಹಲವು ಹಡಗು ಮೇಲೆ ತಂದು ಒಟ್ಟೊಟ್ಟಿಗೆ ಕೆಲಸ ಮಾಡಬಹುದು. ಮೇಲೆ ಚಾವಣಿ ಇರೋ ಡ್ರೈ ಬರ್ತ್‌ಗಳನ್ನೂ (ಹಡಗು ನಿಲ್ಲಿಸೋ ಒಣ ಜಾಗ) ಕಟ್ಟಿದ್ದಾರೆ, ಕಾರವಾರದ ಮಳೆ ನೋಡಿದವ್ರಿಗೆ ಅದು ಯಾಕೆ ಬೇಕು ಅಂತ ಹೇಳೋದೇ ಬೇಡ, ಜೂನ್‌ನಿಂದ ಸೆಪ್ಟೆಂಬರ್ ತನಕ ಬಯಲಲ್ಲಿ ಪೇಂಟ್ ಹೊಡೆಯೋಕಾಗಲ್ಲ, ವೆಲ್ಡಿಂಗ್ ಮಾಡೋಕಾಗಲ್ಲ.

ಕಾಳಿತೀರದವಳು:

ಹಡಗಿನ ಕಥೆ ಹೇಳಿದ್ರಿ ಅಣ್ಣ, ಚಲೋ ಆಯ್ತು. ನೆಲದ ಕಥೆನೂ ಹೇಳದಿದ್ರೆ ಅರ್ಧ ಹೇಳಿದ ಹಾಗೆ ಆಗ್ತದೆ.

ಆ ಕಾಂಪೌಂಡ್ ಒಳಗೆ ಹನ್ನೊಂದು ಸಾವಿರ ಎಕರೆಗೂ ಜಾಸ್ತಿ ಜಾಗ ಹೋಗಿದೆ, ಕಾರವಾರ ಮತ್ತೆ ಅಂಕೋಲ ಎರಡೂ ತಾಲ್ಲೂಕಿಂದು. ಬಿಣಗಾ, ಅರ್ಗಾ, ಚೆಂಡಿಯಾ, ಅಮದಳ್ಳಿ ಇಂಥ ಹೆಸರು ಬಸ್ಸಿನ ಬೋರ್ಡಲ್ಲಿ ನೋಡಿರ್ತೀರಿ. ನಾಲ್ಕು ಸಾವಿರದಷ್ಟು ಕುಟುಂಬ ಎದ್ದು ಹೋಗ್ಬೇಕಾಯ್ತು ಮಾರಾಯ್ರೆ. ಹರಿಕಂತ್ರರು, ಖಾರ್ವಿಗಳು, ಹಾಲಕ್ಕಿ ಒಕ್ಕಲಿಗರು, ಕೋಮಾರಪಂಥರು, ಎಲ್ಲರೂ. ಗದ್ದೆ ಇದ್ದವ್ರಿಗೆ ಗದ್ದೆಗೆ ಅಂತ ಒಂದು ರೇಟು ಹಾಕಬಹುದು, ತೆಂಗಿನಮರ ಎಣಿಸಬಹುದು. ರಂಪಣಿ ಬಲೆ ಎಳೀತಿದ್ದವ್ರಿಗೆ ಏನು ಎಣಿಸ್ತೀರಿ? ರಂಪಣಿಗೆ ಉದ್ದ ಮರಳ ದಂಡೆ ಬೇಕು, ಊರಿಗೆ ಊರೇ ಸೇರಿ ಎಳೀಬೇಕು. ದಂಡೆ ಯಾರ ಹೆಸರಲ್ಲೂ ಇರ್ಲಿಲ್ಲ, ಹಾಗಾಗಿ ಅದಕ್ಕೆ ಪಹಣಿನೂ ಇಲ್ಲ, ಪರಿಹಾರನೂ ಇಲ್ಲ.

ಭೂಮಿಗೆ ಮೊದಲು ಕಟ್ಟಿದ ದರ ತೀರಾ ಕಡಿಮೆ ಅಂತ ಜನ ಕೋರ್ಟಿಗೆ ಹೋದ್ರು, ದಶಕಗಟ್ಟಲೆ ಕೇಸು ನಡೀತು, ಕೋರ್ಟು ಪರಿಹಾರ ಹೆಚ್ಚಿಸಿದ ಮೇಲೂ ದುಡ್ಡು ಕೈಗೆ ಬರೋಕೆ ವರ್ಷಾನುಗಟ್ಟಲೆ ಹಿಡೀತು. ಅಡಿಗಲ್ಲು ಹಾಕಿದ ವರ್ಷ ಹುಟ್ಟಿದ ಮಕ್ಕಳು ಮದುವೆಯಾಗಿ ಮಕ್ಕಳಾದ್ರೂ ಕಾಗದ ಹಿಡ್ಕೊಂಡು ಓಡಾಡೋದು ನಿಂತಿರ್ಲಿಲ್ಲ. ತೋಡೂರಲ್ಲಿ, ಮುದಗಾದಲ್ಲಿ ಎಲ್ಲಾ ಪುನರ್ವಸತಿ ಕಾಲೋನಿ ಆಗಿದಾವೆ, ನಮ್ಮ ಕಡೆ ಈಗಲೂ ಅವರನ್ನ ಸೀಬರ್ಡ್ ನಿರಾಶ್ರಿತರು ಅಂತಲೇ ಕರೀತಾರೆ.

ನೌಕಾನೆಲೆ ಬೇಡ ಅಂತ ನಾನು ಹೇಳ್ತಿಲ್ಲ. ದೇಶಕ್ಕೆ ಬೇಕಿತ್ತು, ನಮ್ಮ ಜನನೂ ಜಾಗ ಬಿಟ್ಟುಕೊಟ್ರು. ಕೊಟ್ಟವ್ರ ಮನೆ ಹುಡುಗರಿಗೆ ಅಲ್ಲಿ ಖಾಯಂ ಕೆಲಸ ಎಷ್ಟು ಸಿಕ್ತು ಅಂತ ಕೇಳೋ ಹಕ್ಕು ನಮಗಿದೆ. ಈಗ ಅಲಗೇರಿ ಕಡೆ ನೇವಿ ವಿಮಾನ ನಿಲ್ದಾಣಕ್ಕೂ ಜಮೀನು ಹೋಗಿದೆ, ಹಳೇ ಅನುಭವ ಮರೀದೆ ಈ ಸಲ ಬೇಗ ಪೂರ್ತಿ ಪರಿಹಾರ ಕೊಡ್ಲಿ ಅಂತ ಜನ ಕೇಳ್ತಿರೋದು ಅದಕ್ಕೇ.

ಹಳೇನಾವಿಕ:

ತಂಗಿ, ನೀವು ಹೇಳಿದ್ದು ನೂರಕ್ಕೆ ನೂರು ಸರಿ. ನಾವು ಒಳಗಿದ್ದವ್ರು ಜೆಟ್ಟಿ ಉದ್ದ ಎಷ್ಟು ಅಂತ ಹೇಳ್ತೀವಿ, ಆ ಜೆಟ್ಟಿ ಇರೋ ಜಾಗದಲ್ಲಿ ಯಾರ ಊರಿತ್ತು ಅಂತ ಹೇಳಲ್ಲ. ಹೊಸದಾಗಿ ಪೋಸ್ಟಿಂಗ್ ಬರೋ ಹುಡುಗರಿಗೆ ಮೊದಲ ವಾರದಲ್ಲೇ ಇದನ್ನ ಹೇಳ್ಬೇಕು ಅನ್ನೋದು ನನ್ನ ಅಭಿಪ್ರಾಯ.

ಹುಬ್ಬಳ್ಳಿಮಂದಿ:

ಒಂದ್ ವಿಷಯ ನಂದೂ ಸೇರಸ್ತೇನ್ರಿ. ಕಾರವಾರ ಬಂದರದ ಮ್ಯಾಲೆ ಕಣ್ಣು ಬಿದ್ದದ್ದು ನೇವಿದಷ್ಟ ಅಲ್ಲ. ಇಂಗ್ಲಿಷರು 1638ರ ಸುಮಾರಿಗೇ ಅಲ್ಲಿ ಮೆಣಸಿನ ವ್ಯಾಪಾರಕ್ಕ ಕೋಠಿ ಹಾಕಿದ್ರು. ಆಮ್ಯಾಲೆ 1862ರಾಗ ಉತ್ತರ ಕನ್ನಡ ಜಿಲ್ಲಾನ ಮದ್ರಾಸ್ ಪ್ರಾಂತದಿಂದ ತಗದು ಮುಂಬೈ ಪ್ರಾಂತಕ್ಕ ಸೇರಿಸಿದ್ರಲ್ಲ, ಅದಕ್ಕ ದೊಡ್ಡ ಕಾರಣ ನಮ್ಮ ಧಾರವಾಡದ ಕಡೆ ಹತ್ತಿ. ಅಮೆರಿಕಾದಾಗ ಯುದ್ಧ ನಡದು ಹತ್ತಿ ಸಿಗದಂಗ ಆಗಿತ್ತು, ಘಟ್ಟ ಇಳಿಸಿ ಕಾರವಾರದಿಂದ ಹತ್ತಿ ಸಾಗಸಬೇಕಂತ ದೊಡ್ಡ ಲೆಕ್ಕಾಚಾರ ಇತ್ತು. ರೈಲು ಮಾತ್ರ ಕಾರವಾರಕ್ಕ ಬರಲಿಲ್ಲ, ಮಾರ್ಮಗೋವಾಕ್ಕ ಹೋತು. ಹುಬ್ಬಳ್ಳಿ–ಅಂಕೋಲಾ ರೈಲು ಅಂತ ನಾವು ಇನ್ನೂ ಕಾಯಕತ್ತೇವಿ ನೋಡ್ರಿ. ಆ ರೈಲು ಆಗಿದ್ರ ಕಾರವಾರ ಮುಂಬೈ ಹಂಗ ಗದ್ದಲದ ಬಂದರ ಆಗತಿತ್ತು, ಆವಾಗ ನೇವಿಗೆ ಈ ಜಾಗ ಸಿಗತಿತ್ತೋ ಇಲ್ಲೋ.

ಮೈಸೂರ್‌ಹುಡುಗ:

ಇದು ಗೊತ್ತೇ ಇರ್ಲಿಲ್ಲ ಸರ್. ಅಕ್ಕ, ನೀವು ಬರೆದಿದ್ದು ಎರಡು ಸಲ ಓದ್ದೆ. ಕೊನೇದಾಗಿ ಒಂದು, ಹೊರಗಿನವ್ರು ಒಳಗೆ ಹೋಗಿ ನೋಡೋಕೆ ಏನಾದ್ರೂ ದಾರಿ ಇದೆಯಾ? ಕಾರವಾರದ ಎದುರಿಗಿರೋ ಅಂಜುದ್ವೀಪಕ್ಕೆ ಬೋಟ್ ಸಿಗುತ್ತಾ?

ಕಾಳಿತೀರದವಳು:

ಅಂಜುದ್ವೀಪ ಆಗೂದಿಲ್ಲ. ಅದೀಗ ಬ್ರೇಕ್‌ವಾಟರ್ (ಅಲೆ ತಡೆಯೋ ಕಲ್ಲಿನ ಗೋಡೆ) ಕಟ್ಟಿ ನೌಕಾನೆಲೆಗೇ ಸೇರಿಸಿಕೊಂಡ ಜಾಗ. ಆಡಳಿತದ ಲೆಕ್ಕದಲ್ಲಿ ಇನ್ನೂ ಗೋವಾದ್ದು. 1498ರಲ್ಲಿ ವಾಸ್ಕೋ ಡ ಗಾಮ ಬಂದು ತಂಗಿದ್ದ, 1505ರಲ್ಲಿ ಪೋರ್ಚುಗೀಸರು ಕೋಟೆ ಕಟ್ಟಿದ್ರು. 1961ರ ನವೆಂಬರ್‌ನಲ್ಲಿ ಅದೇ ದ್ವೀಪದಿಂದ ನಮ್ಮ ಹಡಗಿನ ಮೇಲೆ ಗುಂಡು ಹಾರಿಸಿದ್ರು, ಕಾರವಾರದ ಒಬ್ಬ ಮೀನುಗಾರನೂ ಸತ್ತ. ಡಿಸೆಂಬರ್‌ನಲ್ಲಿ ಗೋವಾ ಬಿಡಿಸುವಾಗ ದ್ವೀಪಕ್ಕೆ ಇಳಿದ ನಮ್ಮ ನೌಕಾಪಡೆಯ ಏಳು ಜನ ಪ್ರಾಣ ಕೊಟ್ರು. ಅಲ್ಲಿ ಹಳೇ ಚರ್ಚ್ ಇದೆ, ಮೊದಲು ವರ್ಷಕ್ಕೊಮ್ಮೆ ಫೆಸ್ತಿಗೆ, ಅಂದ್ರೆ ಚರ್ಚ್ ಹಬ್ಬಕ್ಕೆ, ಕಾರವಾರದಿಂದ ಗೋವಾದಿಂದ ಎಲ್ಲಾ ಬೋಟಲ್ಲಿ ಹೋಗ್ತಿದ್ರು, ಈಗ ಅದೂ ಇಲ್ಲ.

ಹಡಗು ನೋಡ್ಬೇಕು ಅಂದ್ರೆ ಡಿಸೆಂಬರ್ 4ರ ನೌಕಾ ದಿನದ ಆಸುಪಾಸು ಕೆಲವು ವರ್ಷ ಸಾರ್ವಜನಿಕರನ್ನ ಬಿಡ್ತಾರೆ, ಗುರುತಿನ ಚೀಟಿ ಬೇಕು, ಲೋಕಲ್ ಪೇಪರಲ್ಲಿ ಮೊದಲೇ ಹಾಕ್ತಾರೆ. ಇಲ್ಲದಿದ್ರೆ ಕಾರವಾರ ಟ್ಯಾಗೋರ್ ಬೀಚಲ್ಲಿ ಐಎನ್‌ಎಸ್ ಚಪಲ್ ಅನ್ನೋ ಹಳೇ ಮಿಸೈಲ್ ಬೋಟು ಇದೆ, ಒಳಗೆ ಹೋಗಿ ನೋಡಬಹುದು, ಈಗ ಪಕ್ಕದಲ್ಲಿ ನೇವಿಯ ಹಳೇ ಟುಪೊಲೆವ್ ವಿಮಾನನೂ ತಂದು ನಿಲ್ಲಿಸಿದಾರೆ.

ಹಳೇನಾವಿಕ:

ಚಪಲ್ ನೋಡೋಕೆ ಹೋದ್ರೆ "ಇದು 71ರಲ್ಲಿ ಕರಾಚಿಗೆ ಹೋಗಿತ್ತು" ಅಂತ ಹೇಳೋರು ಸಿಗ್ತಾರೆ, ನಂಬ್ಬೇಡಿ. ಚಪಲ್ ನೇವಿಗೆ ಸೇರಿದ್ದೇ 1976ರಲ್ಲಿ. ಕರಾಚಿಗೆ ಹೋದವು ನಿಪಾತ್, ನಿರ್ಘಾತ್, ವೀರ್, ಆಮೇಲೆ ವಿನಾಶ್. ಅದೇ ಜಾತಿ ಬೋಟು ಹೌದು, ನಂತರದ ಮಾದರಿ. ಆ ಸಣ್ಣ ಬೋಟೊಳಗೆ ನಿಂತು ನೋಡಿದ್ರೆ ಇಷ್ಟೇ ಜಾಗದಲ್ಲಿ ಆ ಹುಡುಗರು ಹೇಗೆ ಕರಾಚಿ ತನಕ ಹೋಗಿ ಬಂದ್ರು ಅಂತ ಗೊತ್ತಾಗುತ್ತೆ, ಅದಕ್ಕಾದ್ರೂ ಹೋಗ್ಬೇಕು.

ಇನ್ನೊಂದು ವಿನಂತಿ, ಹೈವೇಯಿಂದ ಗುಡ್ಡದ ಮೇಲಿಂದ ನೆಲೆ ಫೋಟೋ ತೆಗೆದು, ಡ್ರೋನ್ ಹಾರಿಸಿ ರೀಲ್ಸ್ ಹಾಕ್ಬೇಡಿ. 2025ರಲ್ಲಿ ಇಲ್ಲಿನ ಹಡಗುಗಳ ಓಡಾಟದ ಮಾಹಿತಿ ಹೊರಗೆ ಕೊಟ್ಟ ಆರೋಪದ ಮೇಲೆ ಎನ್‌ಐಎ (ರಾಷ್ಟ್ರೀಯ ತನಿಖಾ ಸಂಸ್ಥೆ) ಕಾರವಾರಕ್ಕೇ ಬಂದು ಇಬ್ಬರನ್ನ ಬಂಧಿಸಿತ್ತು. ಯಾವ ಹಡಗು ಇವತ್ತು ಇದೆ, ಯಾವ್ದು ಇಲ್ಲ ಅನ್ನೋದು ನಮಗೆ ಸಣ್ಣ ವಿಷಯ ಅನ್ಸುತ್ತೆ, ಹಡಗಲ್ಲಿ ಇರೋರಿಗೆ ಅಲ್ಲ.