ಪದಚರ್ಚೆ: ಉಳದೆ ಬಿಟ್ಟ ಹೊಲಕ್ಕೆ ಸರ್ಕಾರ ಕೊಡುವ ಹಣಕ್ಕೆ ಏನೆನ್ನಬೇಕು?

ಮಾನ್ಯರೇ,

ಅಮೆರಿಕದ ಅಯೋವಾ ರಾಜ್ಯದಲ್ಲಿ ಮೆಕ್ಕೆಜೋಳ, ಸೋಯಾಬೀನ್ ಬೆಳೆಯುವವರಿಗೆ ಅಲ್ಲಿನ ಕೇಂದ್ರ ಸರ್ಕಾರದಿಂದ ಸಂದಾಯವಾಗುವ ಹಣದ ಕುರಿತು, ನಮ್ಮ ರೈತರು ಓದುವಂಥ ಲೇಖನವೊಂದನ್ನು ಸಿದ್ಧಪಡಿಸುತ್ತಿದ್ದೇನೆ. ಇಂಥ ಹಣವನ್ನೆಲ್ಲ ಪತ್ರಿಕೆಗಳು ಸಾಮಾನ್ಯವಾಗಿ 'ಸಹಾಯಧನ' ಅಥವಾ 'ಸಬ್ಸಿಡಿ' ಎಂದು ಬರೆಯುತ್ತವೆ. ಆದರೆ ನಮ್ಮ ಹಳ್ಳಿಗಳಲ್ಲಿ ಆ ಮಾತಿಗೆ ಖಚಿತವಾದ ಅರ್ಥ ನೆಲೆಗೊಂಡಿದೆ. ರೈತ ಸಂಪರ್ಕ ಕೇಂದ್ರದ ಮೂಲಕ ತುಂತುರು ನೀರಾವರಿಯ ಪೈಪನ್ನೋ ಬಿತ್ತನೆ ಬೀಜವನ್ನೋ ಪಡೆಯುವಾಗ ಬೆಲೆಯಲ್ಲಿ ಸರ್ಕಾರ ಹೊರುವ ಪಾಲು ಸಹಾಯಧನ, ಉಳಿದದ್ದು ರೈತರ ವಂತಿಕೆ. ಬೆಳೆ ಹಾಳಾದಾಗ ಬರುವುದು ಪರಿಹಾರ, ಹಾಲಿಗೆ ಲೀಟರಿನ ಲೆಕ್ಕದಲ್ಲಿ ಬರುವುದು ಪ್ರೋತ್ಸಾಹಧನ. ಪಿಎಂ ಕಿಸಾನ್ ಯೋಜನೆಯ 2,000 ರೂಪಾಯಿ ಜಮಾ ಆದರೆ 'ಕಂತು ಬಂತು' ಎನ್ನುತ್ತಾರೆ. ಇಷ್ಟು ನಿಖರವಾಗಿ ಮಾತನಾಡುವ ಓದುಗರಿಗೆ ಎಲ್ಲವನ್ನೂ ಒಂದೇ ಪದದಲ್ಲಿ ಹೇಳುವುದು ಅನ್ಯಾಯವೆಂದು ನನ್ನ ಭಾವನೆ.

ಮೊದಲನೆಯ ತೊಡಕು ಚಿಕ್ಕದು. ಅಮೆರಿಕದ 2014ರ ಕೃಷಿ ಕಾಯ್ದೆ ರೂಪಿಸಿದ ವ್ಯವಸ್ಥೆಯಲ್ಲಿ, ಕೌಂಟಿಯ (ನಮ್ಮ ಜಿಲ್ಲೆಯಂತೆ ರಾಜ್ಯದೊಳಗಿನ ಆಡಳಿತ ವಿಭಾಗ) ಸರಾಸರಿ ಇಳುವರಿ ಮತ್ತು ಬೆಲೆಯಿಂದ ಲೆಕ್ಕಹಾಕಿದ ಆದಾಯವು ಹಿಂದಿನ ವರ್ಷಗಳ ಸರಾಸರಿಯ ಶೇ 86ಕ್ಕಿಂತ ಕೆಳಗಿಳಿದರೆ ಹಣ ಸಿಗುತ್ತಿತ್ತು. ತನ್ನೊಬ್ಬನ ಹೊಲ ಕೈಕೊಟ್ಟು ಕೌಂಟಿಯ ಸರಾಸರಿ ಚೆನ್ನಾಗಿದ್ದರೆ ಏನೂ ಸಿಗುವುದಿಲ್ಲ. ಬೆಳೆ ಕಟಾವು ಪ್ರಯೋಗದಲ್ಲಿ ಪಂಚಾಯಿತಿಯ ಇಳುವರಿ ಹೆಚ್ಚು ಬಂತೆಂದು ವಿಮೆ ಕೈತಪ್ಪಿದ ನಮ್ಮ ರೈತರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹೀಗಾಗಿ 'ಪರಿಹಾರ' ಎಂದರೆ ತಪ್ಪು ಕಲ್ಪನೆಗೆ ಎಡೆಯಾಗುತ್ತದೆ. ಉದ್ಯೋಗ ಖಾತ್ರಿಯ ಜಾಡಿನಲ್ಲಿ 'ಆದಾಯ ಖಾತ್ರಿ ಹಣ' ಎಂದು ಬರೆದಿದ್ದೇನೆ.

ನಿಜವಾಗಿ ಕಷ್ಟವಾಗಿರುವುದು 1985ರಲ್ಲಿ ಆರಂಭವಾದ ಕನ್ಸರ್ವೇಶನ್ ರಿಸರ್ವ್ ಪ್ರೋಗ್ರಾಂ. ಮಣ್ಣು ಸುಲಭವಾಗಿ ಕೊಚ್ಚಿಹೋಗುವಂಥ ಜಮೀನನ್ನು 10ರಿಂದ 15 ವರ್ಷ ಸಾಗುವಳಿಯಿಂದ ಹೊರಗಿಟ್ಟು, ಹುಲ್ಲು ಅಥವಾ ಮರ ಬೆಳೆಸುವುದಾಗಿ ರೈತನು ಕರಾರು ಮಾಡಿಕೊಂಡರೆ ಸರ್ಕಾರ ವರ್ಷವರ್ಷವೂ ಅದಕ್ಕೆ ಹಣ ಕೊಡುತ್ತದೆ. ದರವನ್ನು ನಿಗದಿಮಾಡುವಾಗ ಆ ಕೌಂಟಿಯಲ್ಲಿ ಮಳೆಯಾಶ್ರಿತ ಭೂಮಿಗೆ ನಡೆಯುವ ನಗದು ಗುತ್ತಿಗೆಯನ್ನೂ ಮಣ್ಣಿನ ಫಲವತ್ತತೆಯನ್ನೂ ನೋಡುತ್ತಾರಾದ್ದರಿಂದ, ಇದು ಲೆಕ್ಕದಲ್ಲೂ ಹೆಸರಿನಲ್ಲೂ ಬಾಡಿಗೆಯೇ. ಆದರೆ 'ಗೇಣಿ' ಎನ್ನಲು ಮನಸ್ಸು ಒಪ್ಪುತ್ತಿಲ್ಲ. 1974ರ ಭೂಸುಧಾರಣಾ ತಿದ್ದುಪಡಿಯ ನೆನಪಿರುವ ಮನೆಗಳಲ್ಲಿ ಗೇಣಿಯೆಂದರೆ ಉಳುವವನು ಒಡೆಯನಿಗೆ ಅಳೆದುಕೊಡುತ್ತಿದ್ದ ಫಸಲು. ಇಲ್ಲಿಯಾದರೋ ಉಳಬಾರದೆಂಬುದೇ ಷರತ್ತು. ಉತ್ತರ ಕರ್ನಾಟಕದ 'ಲಾವಣಿ'ಯಲ್ಲಿ ನಗದಿನ ಅರ್ಥವಿದ್ದರೂ ಅದೂ ಸಾಗುವಳಿಗಾಗಿ ಕೊಡುವುದೇ.

ಜಮೀನಿನ ಸ್ಥಿತಿಯನ್ನು ಹೇಳುವ ಪದವೂ ಇಷ್ಟೇ ಕಠಿಣವಾಗಿದೆ. ಬೀಳು, ಪಡ, ಕರಾವಳಿಯ ಹಡಿಲು ಇವೆಲ್ಲವೂ ಆಳು ಸಿಗದೆಯೋ ನೀರಿಲ್ಲದೆಯೋ ಬಿಟ್ಟುಹೋದ ಭೂಮಿಯ ಅನಾಥ ಸ್ಥಿತಿಯನ್ನು ಸೂಚಿಸುತ್ತವೆ. ಬೇಕೆಂದೇ ಕಾಯ್ದಿಟ್ಟ ಹುಲ್ಲುನೆಲಕ್ಕೆ ನನಗೆ ಹೊಳೆದ ಪದ 'ಕಾವಲು'. ಚಿತ್ರದುರ್ಗ, ಚಿಕ್ಕಮಗಳೂರು, ಹಾಸನದ ಕಡೆ ಅಮೃತ್ ಮಹಲ್ ಕಾವಲುಗಳಿಂದಾಗಿ ಅದು ಜನರ ಬಾಯಲ್ಲಿ ಇಂದಿಗೂ ಇದೆ. ಆ ಕಾವಲುಗಳು ದನ ಮೇಯಿಸಲೆಂದೇ ಇದ್ದವು, ಅಮೆರಿಕದ ಈ ಜಮೀನುಗಳಲ್ಲಿ ಮೇಯಿಸುವುದಕ್ಕೆ ನಿರ್ಬಂಧಗಳಿವೆ ಎಂಬ ವ್ಯತ್ಯಾಸ ಮಾತ್ರ ಉಳಿಯುತ್ತದೆ. ಆದರೂ ಸದ್ಯಕ್ಕೆ 'ಕಾವಲು ಗುತ್ತಿಗೆ ಹಣ' ಎಂದು ಇಟ್ಟುಕೊಂಡಿದ್ದೇನೆ.

ಮಣ್ಣು ಸುಧಾರಿಸಲೆಂದು ಹೊಲವನ್ನು ಕೆಲವು ವರ್ಷ ಉಳದೆ ಬಿಡುವ ರೂಢಿಗೆ ನಿಮ್ಮ ಸೀಮೆಯಲ್ಲಿ ಬೇರೆ ಹೆಸರು ಬಳಕೆಯಲ್ಲಿದ್ದರೆ, ಯಾವ ತಾಲ್ಲೂಕಿನಲ್ಲಿ, ಯಾವ ಬಗೆಯ ಜಮೀನಿಗೆ ಹಾಗೆನ್ನುತ್ತಾರೆಂಬ ವಿವರದೊಡನೆ ದಯವಿಟ್ಟು ತಿಳಿಸಿ. 'ಕಾವಲು' ಎಂದಾಗ ಓದುಗರಿಗೆ ಪಹರೆಯ ಅರ್ಥವೇ ಮೊದಲು ಬರುವುದೇ ಎಂಬುದನ್ನು ಬಯಲುಸೀಮೆಯ ಹೊರಗಿನವರು ಹೇಳಿದರೆ ವಿಶೇಷವಾಗಿ ಉಪಕಾರವಾಗುತ್ತದೆ.