ಹಣ್ಣು, ಜೇನುತುಪ್ಪದಿಂದ ಹೊಟ್ಟೆಯುಬ್ಬರ, ತೂಕ: ಅನುಭವ ಇದ್ದವರು ಹೇಳಿ

ದಾವಣಗೆರೆಯಿಂದ ಪ್ರಶ್ನೆ: ಸಕ್ಕರೆ ಬಿಟ್ಟು ಆರು ತಿಂಗಳು. ಬೆಳಿಗ್ಗೆ ನಿಂಬೆರಸಕ್ಕೆ ಎರಡು ದೊಡ್ಡ ಚಮಚ ಜೇನು, ರಾತ್ರಿ ಊಟದ ಬದಲು ಹಣ್ಣು. ತೂಕ 3 ಕೆ.ಜಿ. ಏರಿದೆ, ಹೊಟ್ಟೆ ಉಬ್ಬುತ್ತದೆ. ಹಣ್ಣು, ಜೇನಿನಲ್ಲಿರುವ ಫ್ರಕ್ಟೋಸ್ ಎಂಬ ಸಕ್ಕರೆ ಕಾರಣವೇ? ಹಣ್ಣು ಬಿಡಬೇಕೇ?

ಮೈಸೂರು ಗೃಹಿಣಿ: ಎರಡು ವರ್ಷ ಗ್ಯಾಸ್ಟ್ರಿಕ್ ಎಂದುಕೊಂಡು ಮಾತ್ರೆ ನುಂಗಿದವಳು ನಾನು. ಎಂಡೋಸ್ಕೋಪಿಗೆ 3,500, ಸ್ಕ್ಯಾನಿಂಗಿಗೆ 1,200, ಮಾತ್ರೆಗೆ ತಿಂಗಳಿಗೆ 640 ರೂಪಾಯಿ. ಚೀಟಿಗಳೆಲ್ಲ ಇನ್ನೂ ಇವೆ. ಕೊನೆಗೆ ಉಸಿರಿನ ಪರೀಕ್ಷೆ. 25 ಗ್ರಾಂ ಫ್ರಕ್ಟೋಸ್ ಕರಗಿಸಿದ ನೀರು ಕುಡಿಸಿ ಅರ್ಧ ಗಂಟೆಗೊಮ್ಮೆ ಊದಿಸಿದರು. ಮೂರನೇ ಸಲ ಊದುವಾಗ ಸೀರೆಯ ನೆರಿಗೆ ಸಡಿಲಿಸಿಕೊಳ್ಳಬೇಕಾಯಿತು. ಉಸಿರಿನಲ್ಲಿ ಹೈಡ್ರೋಜನ್ ಏರಿತ್ತು. ಸಣ್ಣ ಕರುಳು ಹೀರದೆ ಬಿಟ್ಟದ್ದು ದೊಡ್ಡ ಕರುಳಿಗೆ ಹೋಗಿ ಹುಳಿ ಬಂದು ಗ್ಯಾಸ್ ಆಗುತ್ತಿತ್ತು, ಅಷ್ಟೇ. ಸೇಬು, ಮಾವು, ಕಲ್ಲಂಗಡಿ, ಜೇನು ಬಿಟ್ಟೆ. ಬಾಳೆ, ಕಿತ್ತಳೆ ಒಗ್ಗುತ್ತವೆ. ಮಾವಿನ ಕಾಲ ಬಂದರೆ ಈಗಲೂ ಮಕ್ಕಳ ತಟ್ಟೆಯನ್ನೇ ನೋಡುತ್ತಾ ಕೂರುತ್ತೇನೆ.

ಸಾಗರದ ಜೇನು ಕೃಷಿಕ: ಜೇನಿನ ಮೇಲೇಕೆ ಗೂಬೆ ಕೂರಿಸುತ್ತೀರಿ? ನನ್ನ ಬಳಿ 22 ಪೆಟ್ಟಿಗೆಗಳಿವೆ. ಅಪ್ಪ 84ನೇ ವಯಸ್ಸಿನಲ್ಲೂ ದಿನಾ ಒಂದು ಚಮಚ ತಿಂದು ತೋಟ ಸುತ್ತುತ್ತಾರೆ. ನಿಮ್ಮ ಕರುಳಿಗೆ ಆಗದ್ದು ಊರಿಗೆಲ್ಲ ವಿಷವಾಗುವುದಿಲ್ಲ.

ಹುಬ್ಬಳ್ಳಿಯವ: ವಿಷ ಎಂದವರು ಯಾರು ಸ್ವಾಮಿ? ಒಂದು ದೊಡ್ಡ ಚಮಚ ಜೇನಿನಲ್ಲಿ ಸುಮಾರು 8 ಗ್ರಾಂ ಫ್ರಕ್ಟೋಸ್ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಜೇನನ್ನೂ ಹಣ್ಣಿನ ರಸವನ್ನೂ ಸಕ್ಕರೆಯ ಲೆಕ್ಕಕ್ಕೆ ಸೇರಿಸಿದೆ. ಇಡೀ ಹಣ್ಣನ್ನು ಸೇರಿಸಿಲ್ಲ. ಆರೋಗ್ಯಕ್ಕೆ ಒಳ್ಳೆಯದು ಎಂದು ಹದಿನಾಲ್ಕು ತಿಂಗಳು ದಿನಕ್ಕೆ ಎರಡು ದೊಡ್ಡ ಲೋಟ ರಸ ಕುಡಿದೆ. ಲೋಟಕ್ಕೆ 60 ರೂಪಾಯಿ, ಲೆಕ್ಕ ಹಾಕಿಕೊಳ್ಳಿ. ರಕ್ತದಲ್ಲಿನ ಕೊಬ್ಬು, ಅಂದರೆ ಟ್ರೈಗ್ಲಿಸರೈಡ್, 412ಕ್ಕೆ ಏರಿತು, ಯಕೃತ್ತಿನಲ್ಲೂ ಕೊಬ್ಬು. ಹೆಚ್ಚಾದ ಫ್ರಕ್ಟೋಸನ್ನು ಯಕೃತ್ತು ಕೊಬ್ಬಾಗಿಸುತ್ತದೆ ಎಂದು ಆಮೇಲೆ ತಿಳಿಯಿತು. ರಸ ನಿಲ್ಲಿಸಿ, ಪೇರಲೆಯನ್ನು ಕಚ್ಚಿ ತಿನ್ನತೊಡಗಿದೆ. ಒಂಬತ್ತು ಕೆ.ಜಿ. ಇಳಿದಿದ್ದೇನೆ.

ಮಂಡ್ಯದ ಆಲೆಮನೆಯವ: ಇದಕ್ಕೇ ಬೆಲ್ಲಕ್ಕೆ ಬನ್ನಿ ಎನ್ನುವುದು. ಬೆಲ್ಲದಲ್ಲಿ ಈ ರಗಳೆ ಇಲ್ಲ.

ಹುಬ್ಬಳ್ಳಿಯವ: ಬೆಲ್ಲವೂ ಬಹುಪಾಲು ಸುಕ್ರೋಸ್, ಅಂದರೆ ನಾವು ಬಳಸುವ ಸಕ್ಕರೆಯೇ, ಅದರಲ್ಲಿ ಅರ್ಧ ಫ್ರಕ್ಟೋಸ್. ಓದಿಕೊಂಡು ಬರೆಯಿರಿ.

ಮಂಡ್ಯದ ಆಲೆಮನೆಯವ: ಮೂರು ತಲೆಮಾರಿನಿಂದ ಕೊಪ್ಪರಿಗೆಯ ಮುಂದೆ ನಿಂತವರಿಗೆ ಪಾಠ ಹೇಳಬೇಡಿ.

ಮೈಸೂರು ಗೃಹಿಣಿ: ಸುಕ್ರೋಸ್‌ನಲ್ಲಿ ಗ್ಲೂಕೋಸ್ ಸಮಪಾಲು ಇರುವುದರಿಂದ ಕರುಳು ಸುಲಭವಾಗಿ ಹೀರುತ್ತದೆ. ಹೊಟ್ಟೆಯುಬ್ಬರ ಬೇರೆ, ತೂಕ ಬೇರೆ, ಇಬ್ಬರೂ ಕಲಸಬೇಡಿ. ಅಂದಹಾಗೆ, ಜೇನು ಕೃಷಿಕರೇ, ನಿಮ್ಮ ಕಡೆಯಿಂದ 650 ರೂಪಾಯಿ ಕೊಟ್ಟು ತಂದ ಜೇನು ತಳದಲ್ಲಿ ಗಟ್ಟಿಯಾಗಿತ್ತು. ಸಕ್ಕರೆ ಬೆರೆಸಿದ್ದಾರೆಂದು ಚೆಲ್ಲಿದೆ.

ಸಾಗರದ ಜೇನು ಕೃಷಿಕ: ಚೆಲ್ಲಿದಿರಾ! ಅಕ್ಕಾ, ಹರಳುಗಟ್ಟುವುದು ಜೇನಿನಲ್ಲೇ ಇರುವ ಗ್ಲೂಕೋಸ್. ಫ್ರಕ್ಟೋಸ್ ಹೆಚ್ಚಿರುವ ಜೇನು ಬಹಳ ದಿನ ತಿಳಿಯಾಗಿಯೇ ಇರುತ್ತದೆ. ಬಾಟಲಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಇಟ್ಟಿದ್ದರೆ ಕರಗುತ್ತಿತ್ತು. ಮಳೆಗಾಲದಲ್ಲಿ ನನ್ನ ಐದು ಕುಟುಂಬಗಳು ಪೆಟ್ಟಿಗೆ ಬಿಟ್ಟು ಹಾರಿಹೋದವು. ಒಂದು ಬಾಟಲಿ ತುಂಬುವುದು ಎಷ್ಟು ಕಷ್ಟ ಎಂದು ಒಮ್ಮೆ ಬಂದು ನೋಡಿ.

ದಾವಣಗೆರೆಯಿಂದ: ನನ್ನ ರಾತ್ರಿಯ ಹಣ್ಣಿನ ವಿಷಯ ಯಾರಾದರೂ ಹೇಳುತ್ತೀರಾ? ಹೆಚ್ಚಾಗಿ ಮಾವು, ಕಲ್ಲಂಗಡಿಯೇ ತಿನ್ನುವುದು.